ಒಂದೇ ಗೊನೆ ಉಳಿದಿದೆ, ಬೇಗ ಬನ್ನಿ

ಶಹಾಬಜಾರದ ನಮ್ಮ ಓಣಿಯಲ್ಲಿ ನಳ ಬಂದರೆ ಮೊದಲು ಗೊತ್ತಾಗುವುದು ಮೂಲೆ ಮನೆಯ ಶಕೀಲಾ ಆಪಾಗೆ. ಅವರ ಮನೆ ತಗ್ಗಿನಲ್ಲಿದೆ, ನೀರು ಮೊದಲು ಅಲ್ಲಿಗೇ ಇಳಿಯುತ್ತದೆ. ಅವರು ಬಾಗಿಲಿಗೆ ಬಂದು "ನಳಾ ಬಂತ್ರೀ!" ಎಂದು ಒಮ್ಮೆ ಕೂಗಿ ಒಳಗೆ ಹೋಗಿಬಿಡುತ್ತಾರೆ. ಅಷ್ಟಕ್ಕೆ ಓಣಿಗೆ ಓಣಿಯೇ ಏಳುತ್ತದೆ. ಎದುರು ಮನೆಯವರು ಮೋಟಾರು ಹಚ್ಚುತ್ತಾರೆ, ಪಕ್ಕದ ಮನೆಯ ಸೊಸೆ ನೆನೆಹಾಕಿದ ಬಟ್ಟೆಯ ಬಕೆಟ್ಟನ್ನು ಎಳೆದುಕೊಂಡು ಅಂಗಳಕ್ಕೆ ಬರುತ್ತಾಳೆ, ನಿವೃತ್ತ ಮಾಸ್ತರರು ಪೇಪರು ಮಡಿಚಿಟ್ಟು ಸ್ನಾನಕ್ಕೆ ಹೊರಡುತ್ತಾರೆ, ನಾನು ಗ್ಯಾಸ್ ಸಣ್ಣದು ಮಾಡಿ ಕೊಡ ಹುಡುಕುತ್ತೇನೆ. ಯಾರು ಏನು ಮಾಡುತ್ತಾರೆಂದು ಆಪಾಗೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಅವರು ಒಂದೊಂದೇ ಮನೆಯ ಬಾಗಿಲು ತಟ್ಟಿ "ನೀವು ಮೋಟಾರು ಹಚ್ಚಿ, ನೀವು ಸ್ನಾನ ಮಾಡಿ" ಎಂದು ಹೇಳುತ್ತ ಹೋಗಿದ್ದರೆ ಅವರದೇ ಕೊಡ ತುಂಬುತ್ತಿರಲಿಲ್ಲ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಐವತ್ತು ದಾಟಿದ ಮೇಲೆ ನಾನೊಂದು ಹೊಸ ವಿದ್ಯೆ ಕಲಿತೆ, ಆ ವಿದ್ಯೆಯ ತಿರುಳು ಇದಿಷ್ಟೇ. ಶರಣಬಸವೇಶ್ವರ ದೇವಸ್ಥಾನದ ಆಚೆ ಇರುವ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಕಾಲೇಜಿಗೊಂದು ಜಾಲತಾಣ ಬೇಕೆಂದಾಗ, ಪುಸ್ತಕ ಜೋಡಿಸುವವರಿಗೆ ಪುಟ ಜೋಡಿಸುವುದು ಏನು ಮಹಾ ಕಷ್ಟ ಎಂದು ನನ್ನ ಕೊರಳಿಗೆ ಕಟ್ಟಿದರು. ತರಬೇತಿ ಕೊಡಲು ಬಂದ ಹೆಣ್ಣುಮಗಳು ಮೊದಲ ದಿನವೇ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂದಳು. ಅಷ್ಟುದ್ದದ ಹೆಸರು ನನ್ನ ಬಾಯಲ್ಲಿ ನಿಲ್ಲಲಿಲ್ಲ. ಜಾಲತಾಣದ ಬರಹ, ಚಿತ್ರ, ಸುದ್ದಿಗಳನ್ನೆಲ್ಲ ಒಂದೆಡೆ ಇಟ್ಟು, ಬೇಕಾದಾಗ ತೆಗೆದು, ತಿದ್ದಿ, ಹೊರಗೆ ಕಾಣಿಸುವ ಜಾಗ ಅದು ಎಂದು ತಿಳಿದ ಮೇಲೆ ನಾನು ಅದನ್ನು ಉಗ್ರಾಣ ಎಂದು ಕರೆಯತೊಡಗಿದೆ. ಅವಳು ನಕ್ಕಳು, ಬೇಡವೆನ್ನಲಿಲ್ಲ.

ಈ ಉಗ್ರಾಣಕ್ಕೆ ಶಕೀಲಾ ಆಪಾ ಅವರ ಗುಣವಿದೆ. ಅದರೊಳಗೆ ಏನೇ ನಡೆಯಲಿ ಒಮ್ಮೆ ಕೂಗುತ್ತದೆ. ಹೊಸ ಪುಟವೊಂದು ಪ್ರಕಟವಾದರೆ ಒಂದು ಕೂಗು, ಇದ್ದ ಪುಟ ತಿದ್ದಿದರೆ ಒಂದು ಕೂಗು, ಅಳಿಸಿದರೆ ಇನ್ನೊಂದು. ಆ ಕೂಗಿಗೆ ಇವೆಂಟ್ ಎಂದು ಹೆಸರು. ಯಾರಾದರೂ ಕೇಳಿಸಿಕೊಂಡರೆ ಸರಿ, ಇಲ್ಲದಿದ್ದರೂ ಉಗ್ರಾಣಕ್ಕೆ ಬೇಸರವಿಲ್ಲ. ಕೂಗು ಬಿದ್ದಾಗ ಏನಾಗಬೇಕು ಎಂಬುದನ್ನು ಮಾತ್ರ ನಾವು ಮೊದಲೇ ಬರೆದಿಡಬೇಕು. ಅದನ್ನು ಕಲಿತ ವಾರವೆಲ್ಲ ನನಗೆ ಲೋಕವೇ ಬೇರೆ ಕಂಡಿತು. ದೇವಸ್ಥಾನದ ಗಂಟೆ ನಮ್ಮ ಓದುವ ಕೋಣೆಗೆ ದಿನವಿಡೀ ಕೇಳಿಸುತ್ತದೆ. ಇಷ್ಟು ವರ್ಷ ಅದು ನನಗೆ ಬರೀ ಗಂಟೆಯಾಗಿತ್ತು. ಈಗ ಪ್ರತಿಯೊಬ್ಬ ಭಕ್ತನೂ ಒಂದು ಇವೆಂಟ್ ಕಳಿಸುತ್ತಿದ್ದಾನೆ, ಆ ಕಡೆ ಕುಳಿತವನು ಅದಕ್ಕೆ ಏನು ಬರೆದಿಟ್ಟಿದ್ದಾನೋ ಎಂದು ಕುತೂಹಲವಾಗತೊಡಗಿತು. ಪರೀಕ್ಷೆಯ ದಿನಗಳಲ್ಲಿ ಗಂಟೆ ಜೋರಾಗುತ್ತದೆ, ಫಲಿತಾಂಶ ಮಾತ್ರ ಯಥಾಪ್ರಕಾರ ಬರುತ್ತದೆ. ಹಾಗಾಗಿ ಆ ಕಡೆ ಏನೂ ಬರೆದಿಟ್ಟಿಲ್ಲವೆಂದು ನಮ್ಮ ಗಣಿತದ ಉಪನ್ಯಾಸಕರ ವಾದ. ನಾನು ಅಷ್ಟು ದೂರ ಹೋಗುವುದಿಲ್ಲ.

ಕೂಗುಗಳಲ್ಲೂ ಎರಡು ಬಗೆ. ಕೆಲಸ ಆದ ಮೇಲೆ ಕೂಗುವುದು ಒಂದು, ಆಗುವುದಕ್ಕೆ ಮುಂಚೆ ಕೂಗುವುದು ಇನ್ನೊಂದು. ಮುಂಚಿನ ಕೂಗಿಗೆ ಅಧಿಕಾರ ಹೆಚ್ಚು, ಅಲ್ಲಿ ನಾವು ಬೇಡ ಎಂದರೆ ಕೆಲಸವೇ ನಿಂತುಹೋಗುತ್ತದೆ. ತರಬೇತಿಯ ಹೆಣ್ಣುಮಗಳು ಇದನ್ನು ವಿವರಿಸಲು ಬಹಳ ಕಷ್ಟಪಟ್ಟಳು. ನನಗೆ ಕಷ್ಟವಾಗಲಿಲ್ಲ, ಏಕೆಂದರೆ ನಾನು ಬೆಳೆದ ಮನೆಯಲ್ಲಿ ಹೊರಟವರ ಹಿಂದೆ ಯಾರಾದರೂ ಸೀನಿದರೆ ಹೊರಟವರು ಚಪ್ಪಲಿ ಬಿಟ್ಟು ಒಳಗೆ ಬಂದು ನೀರು ಕುಡಿದು ಕೂರುತ್ತಿದ್ದರು. ಒಂದು ಸೀನಿನಿಂದ ನಮ್ಮಪ್ಪ ಎಷ್ಟೋ ಬಸ್ಸು ತಪ್ಪಿಸಿಕೊಂಡಿದ್ದಾರೆ. ಬಸ್ಸು ಹೋದ ಮೇಲೆ ಯಾರು ಎಷ್ಟು ಸೀನಿದರೂ ಅದು ಬರೀ ನೆಗಡಿ.

ಹೊಸದಾಗಿ ಅಡುಗೆ ಕಲಿತವರು ಎಲ್ಲದಕ್ಕೂ ಒಗ್ಗರಣೆ ಹಾಕುವಂತೆ ನಾನು ಕಂಡ ಕೂಗಿಗೆಲ್ಲ ಏನಾದರೂ ಬರೆಯತೊಡಗಿದೆ. ಪುಟವನ್ನು ತಿದ್ದಿದಾಗಲೆಲ್ಲ ಅದರ ಕೊನೆಯಲ್ಲಿ "ಇಂದು ತಿದ್ದಲಾಗಿದೆ" ಎಂದು ಸೇರಿಸಿ ಮತ್ತೆ ಉಳಿಸಬೇಕು ಎಂದು ಬರೆದೆ. ಉಳಿಸಿದಾಗ ಉಗ್ರಾಣ "ಪುಟ ತಿದ್ದಿದೆ" ಎಂದು ಕೂಗಿತು. ಕೂಗು ಕೇಳಿ ನನ್ನ ಬರಹ ಎದ್ದು ಇನ್ನೊಂದು ಸಾಲು ಸೇರಿಸಿ ಉಳಿಸಿತು. ಮತ್ತೆ ಕೂಗು, ಮತ್ತೆ ಸಾಲು. ಕಾಲೇಜಿನ ಪ್ರವೇಶ ಪ್ರಕಟಣೆಯ ಕೆಳಗೆ ಇಂದು ತಿದ್ದಲಾಗಿದೆ, ಇಂದು ತಿದ್ದಲಾಗಿದೆ ಎಂದು ಭಜನೆ ಶುರುವಾಗಿ, ಕಂಪ್ಯೂಟರಿನ ಫ್ಯಾನು ಗುಂಯ್ ಎನ್ನತೊಡಗಿ, ಕೊನೆಗೆ ನಾನು ಗೋಡೆಯ ಸ್ವಿಚ್ಚೇ ಆರಿಸಬೇಕಾಯಿತು. ಇದೇಕೆ ಹೀಗೆ ಎಂದು ತಲೆ ಕೆಡಿಸಿಕೊಂಡು ಮನೆಗೆ ಬಂದರೆ ಕಟ್ಟೆಯ ಮೇಲೆ ಶಕೀಲಾ ಆಪಾ ಅವರ ತಟ್ಟೆ ಕೂತಿತ್ತು. ಈ ಸಲದ ಹಬ್ಬಕ್ಕೆ ಅವರು ಶಾವಿಗೆಯ ಶೀರ್ ಖುರ್ಮಾ ಕಳಿಸಿದ್ದರು. ತಟ್ಟೆಯನ್ನು ಖಾಲಿ ಮರಳಿಸಬಾರದೆಂದು ನಾನು ಹೋಳಿಗೆ ಇಟ್ಟು ಕಳಿಸಿದ್ದೆ, ತಟ್ಟೆ ತುಂಬಿ ಬಂತಲ್ಲ ಎಂದು ಅವರು ಅದರಲ್ಲೇ ಇನ್ನೇನೋ ಕಳಿಸಿದ್ದರು. ಹೀಗೆ ನಮ್ಮಿಬ್ಬರ ನಡುವೆ ತಟ್ಟೆ ತಿರುಗುತ್ತಲೇ ಇದೆ, ಮೊದಲು ಕಳಿಸಿದವರು ಯಾರೆಂದು ಇಬ್ಬರಿಗೂ ಈಗ ನೆನಪಿಲ್ಲ. ಇದನ್ನು ನಿಲ್ಲಿಸಲು ಗೋಡೆಯಲ್ಲಿ ಸ್ವಿಚ್ಚಿಲ್ಲ, ಇದ್ದರೂ ನಾನು ಮುಟ್ಟುವುದಿಲ್ಲ.

ಇಷ್ಟು ವಿದ್ಯೆ ಕೈಗೆ ಹತ್ತಿದ ಮೇಲೆ ತವರಿಗೆ ಉಪಕಾರ ಮಾಡದೆ ಇರುವುದು ಹೇಗೆ? ನನ್ನ ತವರು ಕಮಲಾಪುರ. ಅಲ್ಲಿ ನಮ್ಮಣ್ಣನ ಹೊಲದ ಒಂದು ಮೂಲೆಯಲ್ಲಿ ಅವನ ಹೆಂಡತಿ ಗಂಗಾ ವೈನಿ ಕೆಂಪು ಬಾಳೆ ಬೆಳೆಸಿದ್ದಾರೆ. ಕಮಲಾಪುರದ ಕೆಂಪು ಬಾಳೆ ತಿಂದವರಿಗೆ ನಾನು ಹೇಳಬೇಕಾದ್ದಿಲ್ಲ, ತಿನ್ನದವರಿಗೆ ಹೇಳಿ ಹೊಟ್ಟೆ ಉರಿಸುವುದು ಸರಿಯಲ್ಲ. ಅದು ಸಾವಕಾಶದ ಗಿಡ. ಬೇರೆ ಬಾಳೆ ಗೊನೆ ಕೊಟ್ಟು ಮರಿಗೆ ಜಾಗ ಬಿಟ್ಟುಕೊಟ್ಟ ಮೇಲೂ ಇದು ಇನ್ನೂ ಯೋಚಿಸುತ್ತ ನಿಂತಿರುತ್ತದೆ. ವೈನಿ ಮತ್ತು ಅವರಂತೆ ಅದನ್ನೇ ನೆಚ್ಚಿಕೊಂಡ ಅಕ್ಕಪಕ್ಕದ ಹೊಲದ ಹೆಣ್ಣುಮಕ್ಕಳು ಸೇರಿ ಗುಂಪು ಕಟ್ಟಿಕೊಂಡಿದ್ದರು. ಹಣ್ಣಿದ್ದಾಗ ಕೊಳ್ಳುವವರಿಗೆ ಗೊತ್ತಾಗುವುದಿಲ್ಲ, ಕೊಳ್ಳುವವರು ಬಂದಾಗ ಹಣ್ಣಿರುವುದಿಲ್ಲ ಎಂಬುದು ಅವರ ತೊಂದರೆ. ನಾನು ಅವರಿಗೊಂದು ಜಾಲತಾಣ ಕಟ್ಟಿಕೊಟ್ಟೆ. ಪ್ರತಿ ತೋಟಕ್ಕೊಂದು ಪುಟ, ಪುಟದಲ್ಲಿ ಕೊಯ್ದಿಟ್ಟ ಗೊನೆಗಳ ಅಂಕಿ. ಅಂಕಿಯನ್ನು ಅವರೇ ಮೊಬೈಲಿನಲ್ಲಿ ತಿದ್ದಬಹುದು.

ಮೂರು ಕೂಗಿಗೆ ಮೂರು ಉತ್ತರ ಬರೆದೆ. ಹೊಸ ಪುಟ ಪ್ರಕಟವಾದರೆ ವ್ಯಾಪಾರಿಗಳ ಮೊಬೈಲಿಗೆ "ಹಣ್ಣು ಬಂದಿದೆ" ಎಂಬ ಸಂದೇಶ ಹೋಗಬೇಕು. ತಿದ್ದಿದ ಪುಟದಲ್ಲಿ ಅಂಕಿ ಒಂದಾಗಿದ್ದರೆ "ಒಂದೇ ಗೊನೆ ಉಳಿದಿದೆ, ಬೇಗ ಬನ್ನಿ" ಎಂದು ಹೋಗಬೇಕು. ಈ ಎರಡನೆಯದನ್ನು ಬರೆದಾಗ ನನ್ನ ವ್ಯಾಪಾರಬುದ್ಧಿಯನ್ನು ನಾನೇ ಮೆಚ್ಚಿಕೊಂಡಿದ್ದೆ. ಮೂರನೆಯದು, ಹಣ್ಣೆಲ್ಲ ಮುಗಿದು ಪುಟ ಅಳಿಸಿದರೆ "ಈ ತೋಟದ ಹಣ್ಣು ಮುಗಿದಿದೆ, ನಿಮಗೆ ಧನ್ಯವಾದ" ಎಂಬ ಮರ್ಯಾದೆಯ ಮಾತು. ವೈನಿಯ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ, ಅಳಿಸುವ ಗುಂಡಿ ಇಲ್ಲಿದೆ, ಮುಗಿದ ಮೇಲೆ ಇದನ್ನು ಒತ್ತಬೇಕು ಎಂದು ತೋರಿಸಿದೆ. ಎಲ್ಲರೂ ಹೂಂ ಎಂದರು. ಆ ಹೂಂ ಬಹಳ ಗೌರವದ್ದಾಗಿತ್ತು, ಅದರಲ್ಲಿ ಒಪ್ಪಿಗೆ ಎಷ್ಟಿತ್ತೆಂದು ನಾನು ನೋಡಲಿಲ್ಲ.

ಮೊದಲ ಎರಡು ಉತ್ತರಗಳು ಚೆನ್ನಾಗಿಯೇ ಓಡಿದವು. ಮೂರನೆಯದು ಒಮ್ಮೆಯೂ ಓಡಲಿಲ್ಲ. ಯಾರೂ ಯಾವ ಪುಟವನ್ನೂ ಅಳಿಸಲಿಲ್ಲ. ಬರದ ಅತಿಥಿಗಾಗಿ ಹಾಸಿಗೆ ಹಾಸಿಟ್ಟಂತೆ ನನ್ನ ಧನ್ಯವಾದ ಅಲ್ಲೇ ಬಿದ್ದಿತ್ತು. ಗುಂಡಿ ಕಾಣುತ್ತಿಲ್ಲವೇನೋ ಎಂದು ಅದನ್ನು ದೊಡ್ಡದು ಮಾಡಿದೆ. ಕೆಂಪು ಬಣ್ಣ ಬಳಿದೆ. ಆಮೇಲಂತೂ ಅದರ ಹತ್ತಿರ ಯಾರ ಬೆರಳೂ ಸುಳಿಯಲಿಲ್ಲ.

ಹೀಗಿರುವಾಗ ಒಂದು ಶನಿವಾರ ಸಂಜೆ ಖಾಜಾಭಾಯಿ ನಮ್ಮ ಮನೆಗೆ ಬಂದರು. ಅವರದು ನಮ್ಮ ಓಣಿಯ ಬಾಯಲ್ಲೇ ಹಣ್ಣಿನ ಅಂಗಡಿ. ನನ್ನ ಮಾತಿಗೆ ಒಪ್ಪಿ ಕಮಲಾಪುರದ ಹಣ್ಣು ಹಿಡಿದವರು ಅವರೇ. ಬೇರೆ ವ್ಯಾಪಾರಿಗಳು ಸಿಪ್ಪೆಯ ಮೇಲೆ ಒಂದು ಚುಕ್ಕೆ ಕಂಡರೆ ದರ ಇಳಿಸುತ್ತಿದ್ದಾಗ, ಅವರು ಗೊನೆಯನ್ನು ಒಮ್ಮೆ ಮೂಸಿ ನೋಡಿ ಆಯ್ತು ಎನ್ನುತ್ತಿದ್ದರು. ಅಂದು ಅವರ ಮುಖ ಕೆಂಪು ಬಾಳೆಗಿಂತ ಕೆಂಪಾಗಿತ್ತು.

"ಮೇಡಂ, ನಿಮ್ಮ ಮೆಸೇಜ್ ನಂಬಿ ನಾ ಮರ್ಯಾದಿ ಕಳ್ಕೊಂಡೀನ್ರೀ."

"ಏನಾತ್ರೀ ಖಾಜಾಭಾಯಿ? ಮೊದಲ ಕುಂದರ್ರಿ."

"ಕುಂದ್ರಾಕ ಬಂದಿಲ್ರೀ. ಒಂದೇ ಗೊನಿ ಉಳದದ, ಬೇಗ ಬನ್ನಿ ಅಂತ ಬಂತು. ಗಾಡಿ ತಗೊಂಡು ಓಡಿದೆ. ಗೊನಿ ನನ್ನ ತಲಿ ಮ್ಯಾಲೇ ತೂಗಾಕತ್ತದ. ನಿಮ್ಮ ವೈನಿಯವರು ಚಹಾ ಕೊಡ್ತಾರ, ಅವಲಕ್ಕಿ ಕೊಡ್ತಾರ, ಗೊನಿ ಮಾತ್ರ ಮುಂದಿನ ವಾರ ಬರ್ರಿ ಅಂತಾರ. ಬ್ಯಾರೆಯವರಿಗೆ ಮಾತು ಕೊಟ್ಟಿದ್ರ ನನ್ನ ಯಾಕ ಕರೀಬೇಕ್ರೀ?"

ಇದು ಮೊದಲ ಸಲವಲ್ಲವಂತೆ. ಹಿಂದೆಯೂ ಹೀಗೆ ಓಡಿ ಹೋಗಿ ಬರಿಗೈಲಿ ಬಂದಿದ್ದರಂತೆ, ತಮಗಿಂತ ಮುಂಚೆ ಯಾರೋ ಬಂದಿರಬೇಕು ಎಂದು ಸುಮ್ಮನಾಗಿದ್ದರಂತೆ. ಆದರೆ ಈ ಸಲದ ಮಾತು ಬೇರೆ. ಮರುದಿನ ಸಂಜೆ ಅವರ ಗೆಳೆಯನ ಮಗಳ ನಿಕಾಹ್. ಗಂಡಿನ ಕಡೆಯವರ ಮುಂದಿಡುವ ತಬಕಿನಲ್ಲಿ ಕೆಂಪು ಬಾಳೆ ಇರಬೇಕೆಂದು ಹುಡುಗಿಯ ತಂದೆಗೆ ಆಸೆ. "ಲಾಲ್ ಮೌಜ್ ನಾ ತರ್ತೀನಿ, ನೀ ಫಿಕರ್ ಮಾಡಬ್ಯಾಡ ಅಂದಿದ್ದೆ ಮೇಡಂ" ಎಂದರು. ಅವರ ಮನೆಮಾತಿನಲ್ಲಿ ಬಾಳೆಹಣ್ಣಿಗೆ ಮೌಜ್ ಎನ್ನುತ್ತಾರೆ. "ಈಗ ಯಾವ ಮುಖ ತಗೊಂಡು ಹೋಗ್ಲಿ? ಇವತ್ತಿನಿಂದ ಕಮಲಾಪುರದ ದಾರಿ ನನಗ ಬಂದ್."

ಖಾಜಾಭಾಯಿ ಕೈಬಿಟ್ಟರೆ ವೈನಿಯ ಬಾಳೆ ಉಳಿಯುವುದಿಲ್ಲ. ಸಾವಕಾಶದ ಗಿಡ ನೋಡಿ ನೋಡಿ ಅಣ್ಣನಿಗೆ ಸಾಕಾಗಿತ್ತು. ಅದನ್ನು ಕಿತ್ತು ಕಬ್ಬು ಹಚ್ಚುವ ಮಾತನ್ನು ಆಗಲೇ ಆಡುತ್ತಿದ್ದ. ಸರಿಯಾಗಿ ಕೊಳ್ಳುವವರು ಒಬ್ಬರಾದರೂ ಇದ್ದಾರಲ್ಲ ಎಂಬ ಒಂದೇ ಮಾತಿನ ಮೇಲೆ ವೈನಿ ಆ ಮೂಲೆಯನ್ನು ಕಾಪಾಡಿಕೊಂಡು ಬಂದಿದ್ದರು. ಆ ಮಾತನ್ನು ಈಗ ನಾನು ಬರೆದಿಟ್ಟ ಒಂದು ಸಾಲು ತಿಂದುಹಾಕುವ ಹಾಗಿತ್ತು.

ನಾಳೆ ಬೆಳಿಗ್ಗೆ ಒಮ್ಮೆ, ನನಗಾಗಿ, ಕಮಲಾಪುರಕ್ಕೆ ಬನ್ನಿ ಎಂದು ಅವರನ್ನು ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು. ಅವರು ಹೋದ ಮೇಲೆ ಉಗ್ರಾಣ ತೆರೆದು ಕೂತೆ. ಎಲ್ಲ ತೋಟಗಳ ಪುಟಗಳನ್ನೂ ನೋಡಿದೆ. ಎಲ್ಲೆಡೆಯೂ ಒಂದೇ ಕಥೆ. ಅಂಕಿ ಇಳಿಯುತ್ತ ಬಂದು ಒಂದಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಇಳಿಯುವುದೇ ಇಲ್ಲ. ಕೆಲವು ದಿನ ಹಾಗೇ ಇದ್ದು, ಹೊಸ ಕೊಯ್ಲಾದಾಗ ಮತ್ತೆ ಏರುತ್ತದೆ. ಯಾವ ಪುಟದಲ್ಲೂ, ಯಾವ ದಿನವೂ, ಸೊನ್ನೆ ಎಂಬುದಿಲ್ಲ. ಒಬ್ಬರು ಮರೆಯಬಹುದು. ಇಷ್ಟೂ ಜನ ಒಟ್ಟಿಗೆ, ಇಷ್ಟು ಶಿಸ್ತಾಗಿ ಮರೆಯುತ್ತಾರೆಯೆ? ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ವೈನಿಗೆ ಫೋನು ಹಚ್ಚಿದೆ.

"ವೈನಿ, ಮನ್ಯಾಗ ಗೊನಿ ಎಷ್ಟ ಅವ್ರೀ?"

"ಒಂದ ಅದ."

"ಮತ್ತ ಖಾಜಾಭಾಯಿಗೆ ಯಾಕ ಕೊಡ್ಲಿಲ್ಲ?"

"ಅದನ್ನ ಹ್ಯಾಂಗ ಕೊಡಾಕ ಬರ್ತದ?"

"ಯಾಕ ಬರಂಗಿಲ್ರೀ?"

"ಒಂದ ಅದ ಅಂತ ಹೇಳಾಕತ್ತೀನಲ್ಲ ಸರೋಜಾ. ಅಷ್ಟೂ ತಿಳೀವಲ್ದೇನು ನಿನಗ?"

ತಿಳಿಯಲಿಲ್ಲ. ಇಷ್ಟು ಓದಿದ ನಾದಿನಿಗೆ ಇಷ್ಟು ಸರಳ ಮಾತು ಯಾಕೆ ತಿಳಿಯುತ್ತಿಲ್ಲವೆಂದು ವೈನಿಗೂ ತಿಳಿಯಲಿಲ್ಲ. ಇಬ್ಬರೂ ಒಬ್ಬರ ಬಗ್ಗೆ ಒಬ್ಬರು ಕನಿಕರ ಪಟ್ಟುಕೊಂಡು ಫೋನಿಟ್ಟೆವು.

ರೊಟ್ಟಿ ಬಡಿಯಲು ಕೂತೆ. ತಲೆ ಉಗ್ರಾಣದಲ್ಲಿತ್ತು, ಕೈ ಜೋಳದ ಹಿಟ್ಟಿನ ಡಬ್ಬಿಯಲ್ಲಿತ್ತು. ತಳ ಕಾಣತೊಡಗಿದ ಕೂಡಲೇ ಕೈ ತಾನಾಗಿ ನಿಂತಿತು. ಒಂದು ಹಿಡಿ ಹಿಟ್ಟು ತಳದಲ್ಲಿ ಉಳಿಯಿತು. ಮುಚ್ಚಳ ಹಾಕಿದೆ. "ಇನ್ನೊಂದ್ ರೊಟ್ಟಿ ಆಗ್ತದೇನು?" ಎಂದು ಯಜಮಾನರು ಕೇಳಿದರು. "ಹಿಟ್ಟು ಬೀಸಿಸಬೇಕ್ರೀ, ನಾಳಿ ಬರ್ತದ" ಎಂದೆ. ಅವರು ಸುಮ್ಮನೆ ಮಜ್ಜಿಗೆ ಅನ್ನಕ್ಕೆ ಹೋದರು. ಡಬ್ಬಿಯಲ್ಲಿ ಹಿಟ್ಟಿದೆಯೆಂದು ಅವರಿಗೂ ಗೊತ್ತು. ಅದು ಹಿಟ್ಟಲ್ಲವೆಂದೂ ಗೊತ್ತು. ಮದುವೆಯಾದಾಗಿನಿಂದ ನಾನು ಯಾವ ಡಬ್ಬಿಯನ್ನೂ ತಳ ಕೆರೆದು ಖಾಲಿ ಮಾಡಿಲ್ಲ. ನನ್ನ ತಾಯಿ ಮಾಡಿರಲಿಲ್ಲ, ಅತ್ತೆ ಮಾಡಿರಲಿಲ್ಲ. ಉಳಿಸಿದ ಆ ಹಿಡಿ ಮನೆಯವರದ್ದಲ್ಲ, ಡಬ್ಬಿಯದು. ಹೊಸ ಹಿಟ್ಟು ಬಂದು ಅದರ ಮೇಲೆ ಬೀಳುವ ತನಕ ಅದು ಅಲ್ಲಿ ಇರಬೇಕು.

ಹಿಟ್ಟು ಮೆತ್ತಿದ ಕೈಯಲ್ಲೇ ಹಣೆ ಚಚ್ಚಿಕೊಂಡೆ. ನಾನು ವೈನಿಗೆ ಹೇಳಿದ್ದೇನು? ಹಣ್ಣು ಮುಗಿದ ಮೇಲೆ ನಿಮ್ಮ ತೋಟದ ಹೆಸರನ್ನು ಒರೆಸಿಹಾಕಿ ಎಂದು. ಅದಾಗದಿದ್ದರೆ ನಿಮ್ಮ ಕೈಯಾರೆ ನಿಮ್ಮ ಹೆಸರಿನ ಮುಂದೆ ಸೊನ್ನೆ ಬರೆಯಿರಿ ಎಂದು. ಮುತ್ತೈದೆಯರ ಪಡಸಾಲೆಯಲ್ಲಿ ಕೂತು ಇದನ್ನು ಹೇಳಿದ ನನ್ನನ್ನು ಚಹಾ ಕೊಟ್ಟು ಕಳಿಸಿದರಲ್ಲ, ಅವರು ದೊಡ್ಡವರು. ಸೊನ್ನೆಯನ್ನು ಜಗತ್ತಿಗೆ ಕೊಟ್ಟವರು ನಾವೇ ಎಂದು ಭಾಷಣಗಳಲ್ಲಿ ಹೇಳುತ್ತೇವೆ. ಮನೆಯಲ್ಲಿಟ್ಟುಕೊಳ್ಳಲು ಹೆಂಗಸರು ಒಪ್ಪಲಿಲ್ಲವಾಗಿ ಹೊರಗೆ ಕೊಟ್ಟಿರಬೇಕೆಂದು ನನಗೆ ಈಗ ಅನುಮಾನ. ನಮ್ಮ ಸೀಮೆಯ ಶರಣರಂತೂ ಶೂನ್ಯಕ್ಕೆ ಸಿಂಹಾಸನವನ್ನೇ ಹಾಕಿದರು. ಸಿಂಹಾಸನ ಎಷ್ಟು ಎತ್ತರದ್ದಾದರೂ ಸರಿ, ಹಿಟ್ಟಿನ ಡಬ್ಬಿಯಲ್ಲಿ ಮಾತ್ರ ಅದಕ್ಕೆ ಯಾರೂ ಜಾಗ ಕೊಡಲಿಲ್ಲ.

ಭಾನುವಾರ ಬೆಳಿಗ್ಗೆ ಹುಮನಾಬಾದಿನ ಬಸ್ಸು ಹತ್ತಿದೆ. ಕಪನೂರ ದಾಟುವಾಗ ಒಂದು ಕಾರ್ಖಾನೆಯ ಭೋಂಗಾ ಕೂಗಿತು, ರಸ್ತೆಯ ಬದಿಯಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟು ಎದ್ದರು. ಬೇರೆ ದಿನವಾಗಿದ್ದರೆ ಇದೂ ಒಂದು ಇವೆಂಟ್ ಎಂದು ಖುಷಿಪಡುತ್ತಿದ್ದೆ. ಅಂದು ಖಾಜಾಭಾಯಿ ಬರುತ್ತಾರೋ ಇಲ್ಲವೋ ಎಂಬುದೇ ತಲೆ ತುಂಬ ಇತ್ತು.

ಬಂದರು. ನಾನು ವೈನಿಯ ಅಂಗಳದಲ್ಲಿ ಕಾಲು ತೊಳೆಯುವಷ್ಟರಲ್ಲಿ ಅವರ ಗೂಡ್ಸ್ ಆಟೊ ಬಂದು ನಿಂತಿತು. ಇಳಿದರು, ನಮಸ್ಕಾರವನ್ನೂ ಸಿಟ್ಟಿನಲ್ಲೇ ಮಾಡಿದರು. ಅಣ್ಣ ಕಟ್ಟೆಯ ಮೇಲೆ ಕೂತಿದ್ದವನು ಸ್ವಲ್ಪ ಸರಿದು ಜಾಗ ಕೊಟ್ಟ. ತಗಡಿನ ಪತ್ರಾಸಿನ ಮಾಡಿನ ಕೆಳಗೆ, ತೊಲೆಗೆ ಕಟ್ಟಿದ ಹಗ್ಗದಲ್ಲಿ ಆ ಗೊನೆ ತೂಗುತ್ತಿತ್ತು. ಕೆಂಪಗೆ, ತುಂಬಿಕೊಂಡು, ಎಂಥವರಿಗೂ ಆಸೆಯಾಗುವ ಹಾಗೆ. ಅದರ ಕೆಳಗಿನ ಬುಟ್ಟಿಗಳೆಲ್ಲ ಬರಿದಾಗಿದ್ದವು.

"ಖಾಜಾಭಾಯಿ, ಅಂಗಡಿ ಮುಚ್ಚೂ ಮುಂದ ನಿಮ್ಮ ಬುಟ್ಟಿ ಪೂರಾ ಖಾಲಿ ಮಾಡ್ತೀರೇನ್ರೀ?" ಎಂದು ಕೇಳಿದೆ.

"ಛೇ, ಪೂರಾ ಖಾಲಿ ಮಾಡ್ತಾರೇನ್ರೀ? ಒಂದು ಹಣ್ಣು ಬಿಡ್ತೀವಿ, ಬರಕತ್ತಿಂದು, ಮತ್ತ ತುಂಬಿ ಬರ್ಲಿ ಅಂತ" ಎಂದವರು, ಹೇಳುತ್ತ ಹೇಳುತ್ತಲೇ ಕತ್ತೆತ್ತಿ ಗೊನೆಯನ್ನು ನೋಡಿದರು. ಆಮೇಲೆ ತಲೆಯ ಟೊಪ್ಪಿಗೆಯನ್ನು ತೆಗೆದು, ಕೊಡವಿ, ಮತ್ತೆ ಹಾಕಿಕೊಂಡರು. "ಯಾ ಅಲ್ಲಾ! ಬರಕತ್ತಿನ ಗೊನಿ ಮಾರ್ರಿ ಅಂತ ಹಟಾ ಹಿಡದು ಜಗಳಾಡಿದ್ನೇನ್ರೀ ನಾ?"

ನನಗೊಂದು ಅನುಮಾನ ಉಳಿದಿತ್ತು. ಹಣ್ಣಿನ ಮನೆತನದ ಮನುಷ್ಯ, ತೂಗುವ ಗೊನೆ ಮತ್ತು ಬರಿದಾದ ಬುಟ್ಟಿಗಳನ್ನು ನಿನ್ನೆಯೇ ನೋಡಿದ್ದರು, ಆಗ ಯಾಕೆ ತಿಳಿಯಲಿಲ್ಲ? ಕೇಳಿಯೇಬಿಟ್ಟೆ. ಅವರು ಜೇಬಿನಿಂದ ಮೊಬೈಲು ತೆಗೆದು ತೋರಿಸಿದರು. "ಇದು ಮೊದಲ ಹೇಳಿಬಿಟ್ಟಿತ್ತಲ್ರೀ ಮೇಡಂ. ಬೇಗ ಬನ್ನಿ ಅಂದ್ರ ಮಾರಾಕ ಅದ ಅಂತನ ಅರ್ಥ. ಕೊಳ್ಳಾಕ ಬಂದಾವ ಕೊಳ್ಳೂ ಕಣ್ಣಿಂದನ ನೋಡ್ದೆ." ಸುಮ್ಮನೆ ಬಂದಿದ್ದರೆ ಅವರ ಕಣ್ಣಿಗೇ ತಿಳಿಯುತ್ತಿತ್ತು. ನಾನು ಅವಸರ ಮಾಡಿ ಅವರ ಕಣ್ಣಿಗಿಂತ ಮುಂಚೆ ಮಾತಾಡಿಬಿಟ್ಟಿದ್ದೆ. ನನ್ನ ವ್ಯಾಪಾರಬುದ್ಧಿಯ ಬಗ್ಗೆ ಆ ಕ್ಷಣ ನನಗೆ ನಾಚಿಕೆಯಾಯಿತು.

ಇಷ್ಟಾದ ಮೇಲೂ ನಿಕಾಹ್ ಉಳಿದೇ ಇತ್ತು, ಸಂಜೆಗೆ. ಅದನ್ನು ವೈನಿಗೆ ಹೇಳಿದೆ. ವೈನಿ ಸೆರಗು ಸಿಕ್ಕಿಸಿ ಕುಡಗೋಲು ತಂದರು.

"ಹೆಣ್ಣಿನ ತಂದಿಗೆ ಕೊಟ್ಟ ಮಾತು ಹೋಗ್ತದಂದ್ರ ಈ ಗೊನಿ ಇಲ್ಲಿ ತೂಗಿ ಏನ್ ಮಾಡೂದದ? ತಗೊಂಡ್ ಹೋಗ್ರೀ."

"ಬ್ಯಾಡ್ರೀ ಅಕ್ಕಾರ, ನಾ ಮುಟ್ಟಂಗಿಲ್ಲ. ನಿಮ್ಮ ಬರಕತ್ ನಾ ಒಯ್ಯೂದು ಅಂದ್ರೇನು?"

"ಮದವಿ ಮನಿಗೆ ಹೋದ್ರ ಬರಕತ್ ಹೆಚ್ಚಾಗ್ತದ, ಕಮ್ಮಿ ಆಗಂಗಿಲ್ಲ."

"ನಿಮ್ಮ ತೊಲಿ ಬರಿದಾಗ್ತದಲ್ರೀ."

ಕೊಡುವವರಿಗೂ ಹಟ, ಬೇಡವೆನ್ನುವವರಿಗೂ ಹಟ. ನಿನ್ನೆ ಇದೇ ಗೊನೆಗಾಗಿ ಇದೇ ಅಂಗಳದಲ್ಲಿ ಇದೇ ಇಬ್ಬರು ತಿರುಗುಮುರುಗಾಗಿ ನಿಂತಿದ್ದರು. ಕೊನೆಗೆ ವೈನಿ ಗೊನೆಯಿಂದ ಒಂದೇ ಒಂದು ಹಣ್ಣನ್ನು ಮುರಿದು ತೆಗೆದರು. ಗೊನೆಯನ್ನು ಕೆಳಗಿಳಿಸಿ, ಅದೇ ಹಗ್ಗದ ತುದಿಗೆ ಆ ಹಣ್ಣನ್ನು ಕಟ್ಟಿ ತೂಗಬಿಟ್ಟರು. ಅಷ್ಟು ದಪ್ಪ ಹಗ್ಗಕ್ಕೆ ಅಷ್ಟು ಸಣ್ಣ ಹಣ್ಣು, ನೋಡಿದರೆ ನಗು ಬರುವಂತಿತ್ತು. ಯಾರೂ ನಗಲಿಲ್ಲ.

"ನೋಡ್ರೀ, ಒಂದು ಉಳೀತಲ್ಲ" ಎಂದರು ವೈನಿ.

ಖಾಜಾಭಾಯಿ ಹಣ್ಣನ್ನು ನೋಡಿದರು, ಗೊನೆಯನ್ನು ನೋಡಿದರು. "ಖರೆ ಅದ ಅಕ್ಕಾರ. ಒಂದು ಉಳೀತು" ಎಂದು ಗೊನೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

ಅವರು ಅದನ್ನು ಆಟೊದಲ್ಲಿ ಮಲಗಿಸಿ ಗೋಣಿಚೀಲ ಹೊದಿಸುತ್ತಿರುವಾಗ ವೈನಿ ಮೊಬೈಲು ತೆಗೆದರು. ಗೊನೆ ಹೋದ ಕೂಡಲೇ ಅಂಕಿ ತಿದ್ದಬೇಕೆಂದು ನಾನೇ ಕಲಿಸಿದ್ದೆ, ವೈನಿ ಶ್ರದ್ಧೆಯ ಶಿಷ್ಯೆ. ತಮ್ಮ ಪುಟ ತೆರೆದರು. ಅಲ್ಲಿ ಒಂದು ಎಂದಿತ್ತು. ಹಗ್ಗದ ತುದಿಯ ಹಣ್ಣನ್ನು ಒಮ್ಮೆ ನೋಡಿದರು. ಆ ಒಂದನ್ನು ಅಳಿಸಿ, ಅದರ ಜಾಗದಲ್ಲಿ ಹೊಸದಾಗಿ ಒಂದು ಎಂದು ಬರೆದು ಉಳಿಸಿದರು. ನಾನು ತಡೆಯುವಷ್ಟರಲ್ಲಿ ಉಗ್ರಾಣ ಕೂಗಿಬಿಟ್ಟಿತ್ತು. ಅಂಕಿ ನಿಜವಾಗಿ ಬದಲಾಗಿದೆಯೋ ಇಲ್ಲವೋ ನೋಡಬೇಕೆಂಬ ಬುದ್ಧಿ ನನಗೆ ಬರೆಯುವಾಗ ಹೊಳೆದಿರಲಿಲ್ಲ. ಖಾಜಾಭಾಯಿಯ ಜೇಬು ಗುಂಯ್‌ಗುಟ್ಟಿತು. ಅವರು ತೆಗೆದು ಓದಿದರು.

"ಮೇಡಂ, ಒಂದೇ ಗೊನೆ ಉಳಿದಿದೆ, ಬೇಗ ಬನ್ನಿ ಅಂತ ನೋಡ್ರೀ. ಬರ್ಲೇನು?"

ಈಗ ಮಾತ್ರ ಎಲ್ಲರೂ ನಕ್ಕರು. ವೈನಿ ನಗು ತಡೆಯಲಾಗದೆ ಕಂಬ ಹಿಡಿದುಕೊಂಡರು. ಅಷ್ಟರಲ್ಲಿ ವೈನಿಯ ಫೋನು ಬಡಿಯತೊಡಗಿತು, ಹುಮನಾಬಾದಿನ ವ್ಯಾಪಾರಿಯೊಬ್ಬರು ಆಗಲೇ ಹೊರಟಿದ್ದಾರಂತೆ. ಅವರಿಗೆ ಸಮಾಧಾನ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಆಟೊ ಹೊರಡುವ ಮುಂಚೆ ಖಾಜಾಭಾಯಿ ಕತ್ತು ಹೊರಗೆ ಹಾಕಿ ಅಣ್ಣನನ್ನು ಕೇಳಿದರು, "ಮುಂದಿನವು ಯಾವಾಗ್ರೀ?" ಕಿತ್ತು ಕಬ್ಬು ಹಚ್ಚುತ್ತೇನೆ ಎಂದವನು ಈಗ ಏನು ಹೇಳುತ್ತಾನೋ ಎಂದು ನಾನೂ ವೈನಿಯೂ ಅವನ ಮುಖ ನೋಡಿದೆವು. ಅವನು ಹೊಲದ ಕಡೆ ತಿರುಗಿ, ಗೊನೆ ಕೊಟ್ಟ ಗಿಡಗಳ ಬುಡದಲ್ಲಿ ನಿಂತಿದ್ದ ಮರಿಗಳನ್ನು ನೋಡಿದ. ಆಮೇಲೆ ಹೇಳಿದ, "ಬೆಳ್ಯಾಕತ್ತಾವ್ರೀ."

ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಕ್ಕು ನಕ್ಕು ಬಂದ ನೀರು ಎಂದರು. ನಾನೂ ಹಾಗೇ ಅಂದುಕೊಂಡಂತೆ ಮಾಡಿದೆ.

ಊರಿಗೆ ಬಂದು ಉಗ್ರಾಣವನ್ನು ತಿದ್ದಿದೆ. ಅಂಕಿ ಒಂದಕ್ಕೆ ಬಂದರೆ ಈಗ ಯಾರಿಗೂ ಸಂದೇಶ ಹೋಗುವುದಿಲ್ಲ, ಯಾರನ್ನೂ ಅವಸರಪಡಿಸುವುದಿಲ್ಲ. ಆ ಪುಟದಲ್ಲಿ ಸುಮ್ಮನೆ "ಬೆಳೆಯುತ್ತಿವೆ" ಎಂದು ಕಾಣುತ್ತದೆ. ಬಾಳೆಯ ಮಟ್ಟಿಗೆ ಅದು ಎಂದೂ ಸುಳ್ಳಾಗದ ಮಾತು. ಗುಂಪಿನ ಹೆಣ್ಣುಮಕ್ಕಳಿಗೆ ಅದು ತುಂಬ ಹಿಡಿಸಿದೆ, ಮುಗಿಯಿತು ಎನ್ನದೆಯೇ ಎಲ್ಲ ಹೇಳಿದಂತಾಯಿತಲ್ಲ ಎನ್ನುತ್ತಾರೆ. ಖಾಜಾಭಾಯಿಯಂತೂ ಕಮಲಾಪುರದ ಯಾವ ಅಂಕಿ ಕಂಡರೂ ಮನಸ್ಸಿನಲ್ಲೇ ಒಂದನ್ನು ಬಿಟ್ಟು ಓದುತ್ತಾರೆ.

ಉಳಿದದ್ದು ಆ ಮೂರನೆಯ ಉತ್ತರ, ಯಾರೂ ಒತ್ತದ ಗುಂಡಿಗಾಗಿ ನಾನು ಬರೆದಿಟ್ಟ ಧನ್ಯವಾದ. ಗುಂಡಿಯನ್ನೇ ತೆಗೆದುಹಾಕಿದ ಮೇಲೆ ಆ ಕೂಗು ಇನ್ನು ಬರುವಂತಿಲ್ಲ. ಎಂದೂ ಓಡದ ಸಾಲುಗಳನ್ನು ಇಟ್ಟುಕೊಳ್ಳಬಾರದು, ಉಗ್ರಾಣ ಚೊಕ್ಕಟವಾಗಿರಬೇಕು ಎಂದು ತರಬೇತಿಯ ಹೆಣ್ಣುಮಗಳು ಮತ್ತೆ ಮತ್ತೆ ಹೇಳಿದ್ದಳು. ಬೇಡದ್ದನ್ನೆಲ್ಲ ಒಂದೊಂದಾಗಿ ಅಳಿಸುತ್ತ ಬಂದೆ. ಇದೊಂದರ ಹತ್ತಿರ ಬಂದಾಗ ಕೈ ತಾನಾಗಿ ನಿಂತಿತು. ಹಿಟ್ಟಿನ ಡಬ್ಬಿಯಲ್ಲಿ ನಿಲ್ಲುತ್ತದಲ್ಲ, ಹಾಗೆಯೇ.

ಅಳಿಸಲಿಲ್ಲ. ಇರಲಿ, ಒಂದು.